ಸುಖೋಯ್-27ಕ್ಕೆ ಭಾರತದ ಬಣ್ಣ ಬಳಿದರೆ ಅದು ಎಂಕೆಐ ಆಗುತ್ತಾ?

ಪ್ರಶ್ನೆ: ಡಿಸಿಎಸ್ ಅನ್ನೋ ಯುದ್ಧವಿಮಾನ ಸಿಮ್ಯುಲೇಟರ್ ಗೇಮ್‌ನಲ್ಲಿ ಸುಖೋಯ್-27 ತಗೊಂಡು, ನಮ್ಮ ವಾಯುಪಡೆಯ ಸ್ಕಿನ್ ಹಾಕಿ ಹಾರಿಸ್ತೀನಿ. ‘ಅದು ನಮ್ಮ ಸುಖೋಯ್ ಅಲ್ಲವೇ ಅಲ್ಲ’ ಅಂತ ಗೆಳೆಯ ವಾದ ಮಾಡ್ತಾನೆ. ಬಣ್ಣ ಬಿಟ್ಟರೆ ನಿಜಕ್ಕೂ ಅಷ್ಟೊಂದು ವ್ಯತ್ಯಾಸ ಇರುತ್ತಾ? ಗೇಮ್ ಮಾಡೋರು ನಮ್ಮ ವಾಯುಪಡೆಯ ಸುಖೋಯ್-30 ಎಂಕೆಐಯನ್ನೇ ಕೊಡಬಹುದಿತ್ತಲ್ವಾ?

ಉತ್ತರ: ನಿಮ್ಮ ಗೆಳೆಯ ಹೇಳುವುದೇ ಸರಿ. ಸ್ಕಿನ್ ಅಂದರೆ ವಿಮಾನದ ಮಾಡೆಲ್‌ಗೆ ಸುತ್ತುವ ಚಿತ್ರ, ಅಷ್ಟೇ. ರೆಕ್ಕೆ ಮೇಲೆ ನಮ್ಮ ಕೇಸರಿ, ಬಿಳಿ, ಹಸಿರಿನ ಚಕ್ರ ಬರುತ್ತದೆ, ನೋಡಲು ಖುಷಿಯೂ ಆಗುತ್ತದೆ. ಆದರೆ ತೂಕ, ಎಂಜಿನ್, ರೇಡಾರ್ ಯಾವುದೂ ಬದಲಾಗುವುದಿಲ್ಲ.

ಡಿಸಿಎಸ್‌ನ ಸುಖೋಯ್-27 ಒಬ್ಬರೇ ಕೂರುವ ರಷ್ಯಾದ ವಿಮಾನ. ಸುಖೋಯ್-30 ಎಂಕೆಐಯಲ್ಲಿ ಇಬ್ಬರು ಕೂರುತ್ತಾರೆ. ಅದರ ಮುಖ್ಯ ರೆಕ್ಕೆಗಳ ಮುಂದೆ ಎರಡೂ ಬದಿಗೆ ಕ್ಯಾನಾರ್ಡ್ ಎಂಬ ಪುಟ್ಟ ರೆಕ್ಕೆಗಳಿವೆ. ಖಾಲಿ ತೂಕವೇ ಸುಮಾರು 2 ಟನ್ ಜಾಸ್ತಿ. ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಹಿಂಬದಿಯಲ್ಲಿದೆ. ಎಂಕೆಐಯ ಎಎಲ್-31ಎಫ್‌ಪಿ ಎಂಜಿನ್‌ಗಳ ನಾಜಲ್, ಅಂದರೆ ಬಿಸಿ ಅನಿಲ ಹೊರಬರುವ ಬಾಯಿ, ಅಲ್ಲಾಡುತ್ತದೆ. ಡಾಗ್‌ಫೈಟ್‌ನಲ್ಲಿ, ಅಂದರೆ ವಿಮಾನಗಳ ಹತ್ತಿರದ ಕಾದಾಟದಲ್ಲಿ, ಸ್ಟಿಕ್ ಜೋರಾಗಿ ಎಳೆದು ವೇಗ ಪೂರ್ತಿ ಬಿದ್ದುಹೋದಾಗ ಏನಾಗುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬಾಲದ ಮೇಲೆ ಸಾಕಷ್ಟು ಗಾಳಿ ಹರಿಯುವುದಿಲ್ಲ, ಸುಖೋಯ್-27 ಮಾತು ಕೇಳುವುದನ್ನೇ ಬಿಡುತ್ತದೆ. ಎಂಕೆಐ ಅದೇ ಸ್ಥಿತಿಯಲ್ಲಿ ನಾಜಲ್ ತಿರುಗಿಸಿ, ಎಂಜಿನ್ ಬಲದಿಂದಲೇ ಮೂಗನ್ನು ಶತ್ರುವಿನ ಕಡೆ ಒಯ್ಯಬಲ್ಲದು. ಇದನ್ನು ಯಾವ ಸ್ಕಿನ್ನೂ ಕೊಡಲಾರದು.

ಇನ್ನು ಹೆಸರು ನೋಡಿ. ಎಂಕೆಐ ಎಂಬುದು ಮೂರು ರಷ್ಯನ್ ಪದಗಳ ಮೊದಲಕ್ಷರ: ಆಧುನೀಕರಿಸಿದ್ದು, ಮಾರಾಟಕ್ಕಿರುವುದು, ಭಾರತದ್ದು. ಭಾರತ ಹೆಸರಲ್ಲೇ ಇದೆ, ಒಳಗೂ ಇದೆ. ಬಾರ್ಸ್ ರೇಡಾರ್ ರಷ್ಯಾದ್ದು. ಪೈಲಟ್ ಮುಂದಿನ ಗಾಜಿನ ಮೇಲೆ ವೇಗ, ಎತ್ತರ, ಗುರಿ ತೋರಿಸುವ ಹಡ್ ಇಸ್ರೇಲ್‌ನದು. ದಾರಿ ತೋರುವ ಉಪಕರಣಗಳಲ್ಲಿ ಫ್ರಾನ್ಸ್‌ನವೂ ಇವೆ. ಮಿಷನ್ ಕಂಪ್ಯೂಟರ್ ಮತ್ತು ಶತ್ರುವಿನ ರೇಡಾರ್ ಅಲೆ ವಿಮಾನದ ಮೇಲೆ ಬಿದ್ದ ಕೂಡಲೇ ಎಚ್ಚರಿಸುವ ‘ತರಂಗ್’ ಡಿಆರ್‌ಡಿಒದ ಡೇರ್ ಪ್ರಯೋಗಾಲಯದಲ್ಲಿ, ಅಂದರೆ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡವು. 2002ರಲ್ಲಿ ಪುಣೆಯಲ್ಲಿ ವಾಯುಪಡೆ ಸೇರಿದ ಎಂಕೆಐ ಹೀಗೆ ನಾಲ್ಕು ದೇಶಗಳ ಕೈಕೆಲಸ.

ಇದೇ ವಿಮಾನವನ್ನು ಮಲೇಷ್ಯಾ ಕೊಂಡಿತು. ಅಲ್ಲಿ ಅದರ ಹೆಸರು ಎಂಕೆಎಂ. ಮಲೇಷ್ಯಾಕ್ಕೂ ಇಸ್ರೇಲ್‌ಗೂ ರಾಜತಾಂತ್ರಿಕ ಸಂಬಂಧ ಇಲ್ಲ. ಹಾಗಾಗಿ ಇಸ್ರೇಲ್‌ನ ಹಡ್ ಹೋಗಿ ಫ್ರಾನ್ಸ್‌ನ ಥೇಲ್ಸ್ ಕಂಪನಿಯ ಹಡ್ ಬಂತು. ಹೊರಗಿನಿಂದ ಎರಡೂ ಅವಳಿ-ಜವಳಿ. ಒಳಗೆ ಕೂತ ಪೈಲಟ್ ನೋಡುವ ಗಾಜೇ ಬೇರೆ. ದೇಶಕ್ಕೊಂದು ಮಾದರಿ ಅಂದರೆ ಇದೇ. ಯಾರ ಜೊತೆ ಯಾರಿಗೆ ಸ್ನೇಹ, ಯಾರಿಗೆ ಇಲ್ಲ ಎಂಬುದು ಕಾಕ್‌ಪಿಟ್‌ನಲ್ಲೇ ಬರೆದಿರುತ್ತದೆ. ಮುಂದೆ ರಷ್ಯಾವೇ ಎಂಕೆಐ ಮಾದರಿಯನ್ನು ಆಧಾರವಾಗಿ ಇಟ್ಟುಕೊಂಡು ತನಗಾಗಿ ಸುಖೋಯ್-30 ಎಸ್‌ಎಂ ಮಾಡಿಕೊಂಡಿತು. ಏಸ್ ಕಾಂಬ್ಯಾಟ್ 7 ಎಂಬ ಗೇಮ್‌ನಲ್ಲಿ ಆ ಎಸ್‌ಎಂ ಇದೆ. ಅದು ಸಿಮ್ಯುಲೇಟರ್ ಅಲ್ಲ ನಿಜ, ಆದರೂ ಎಂಕೆಐಯ ಮೈಕಟ್ಟು ಕಣ್ತುಂಬ ನೋಡಬೇಕಾದರೆ ಅಲ್ಲಿ ಹೋಗಿ.

ಹಾಗಾದರೆ ಡಿಸಿಎಸ್‌ನಂಥ ಗೇಮ್ ಎಂಕೆಐಯನ್ನು ಯಾಕೆ ಕೊಡಲಿಲ್ಲ? ಪ್ರತಿ ಸ್ವಿಚ್ಚೂ ಕೆಲಸ ಮಾಡುವ ಹಾಗೆ ಒಂದು ವಿಮಾನ ಕಟ್ಟಬೇಕಾದರೆ ಪೈಲಟ್ ಕೈಪಿಡಿ ಬೇಕು, ಎಂಜಿನ್‌ನ ಅಂಕಿಅಂಶ ಬೇಕು, ಅದನ್ನು ಹಾರಿಸಿದವರ ಮಾತು ಬೇಕು. ಎಂಕೆಐ ಇವತ್ತಿಗೂ ನಮ್ಮ ಮುಂಚೂಣಿಯ ಯುದ್ಧವಿಮಾನ. ಅದರ ರೇಡಾರ್ ಎಷ್ಟು ದೂರದಿಂದ ಏನನ್ನು ಹಿಡಿಯುತ್ತದೆ ಅಂತ ಯಾರೂ ಹೇಳುವುದಿಲ್ಲ, ಹೇಳಲೂಬಾರದು. ಈ ವಿಷಯ ಸುಮ್ನೆ ಅಲ್ಲ. ಎಫ್-16 ಯುದ್ಧವಿಮಾನದ ಕೈಪಿಡಿಗಳನ್ನು ಅಮೆರಿಕದಿಂದ ತರಿಸಿಕೊಂಡಿದ್ದಕ್ಕೆ ರಷ್ಯಾದ ಒಬ್ಬ ಗೇಮ್ ಡೆವಲಪರ್‌ನನ್ನು 2019ರಲ್ಲಿ ಜಾರ್ಜಿಯಾ ದೇಶದಿಂದ ಅಮೆರಿಕಕ್ಕೆ ಒಯ್ದು ಕೇಸ್ ನಡೆಸಿದರು. ಆಸಕ್ತರೇ ಸೇರಿ ಮಾಡಿ ಗೇಮ್‌ಗೆ ಸೇರಿಸುವ ಉಚಿತ ಮಾಡ್‌ಗಳು ಇಂಥ ಕೊರತೆ ತುಂಬಲು ನೋಡುತ್ತವೆ. ಅವರ ಶ್ರಮ ದೊಡ್ಡದು. ಆದರೆ ಅಂಥ ಮಾಡ್‌ಗಳು ಎಷ್ಟೋ ಸಲ ಬೇರೆ ವಿಮಾನದ ಕಾಕ್‌ಪಿಟ್, ರೇಡಾರ್‌ಗಳನ್ನೇ ಎರವಲು ಪಡೆದಿರುತ್ತವೆ.

ಬಣ್ಣ ಎಲ್ಲಿ ಸೋಲುತ್ತದೆ ಅಂತ ನೀವೇ ಪರೀಕ್ಷೆ ಮಾಡಬಹುದು. ಡಿಸಿಎಸ್‌ನ ಮಿರಾಜ್ 2000ಸಿಗೆ ಭಾರತದ ಸ್ಕಿನ್ ಹಾಕಿ, ಕಾರ್ಗಿಲ್ ಯುದ್ಧದ ಟೈಗರ್ ಹಿಲ್ ದಾಳಿ ಮಾಡಲು ಹೊರಡಿ. 1999ರ ಜೂನ್ 24ರಂದು ನಮ್ಮ ಮಿರಾಜ್‌ಗಳು ವಿಮಾನದಡಿ ತಗುಲಿಸುವ ಲೈಟ್ನಿಂಗ್ ಪಾಡ್ ಎಂಬ ಉಪಕರಣದಿಂದ ಗುರಿಯ ಮೇಲೆ ಲೇಸರ್ ಹಿಡಿದು ಅಲ್ಲಿ ಬಾಂಬ್ ಹಾಕಿದವು. ಗೇಮ್‌ನ ಮಿರಾಜ್ ಫ್ರಾನ್ಸ್ ವಾಯುಪಡೆಯದು. ಲೇಸರ್ ಬಾಂಬ್ ಹೊರುತ್ತದೆ, ಆದರೆ ಪಾಡ್ ಇಲ್ಲ. ಲೇಸರ್ ಹಿಡಿಯಲು ಇನ್ನೊಬ್ಬರು ಬೇಕು. ರೇಡಾರ್ ಕೂಡ ಬೇರೆ. ನಮ್ಮ 2000ಎಚ್ ಆರ್‌ಡಿಎಂ ರೇಡಾರ್‌ನೊಂದಿಗೆ ಬಂದಿತ್ತು, ಗೇಮ್‌ನಲ್ಲಿರುವುದು ಆರ್‌ಡಿಐ.

ವಾರ್ ಥಂಡರ್ ಎಂಬ ಗೇಮ್‌ನ ದಾರಿ ಬೇರೆ. ಅಲ್ಲಿ ದೇಶಕ್ಕೊಂದು ವಿಮಾನಗಳ ಸಾಲು. ಹಾಗಾಗಿ ಅಮೆರಿಕದ ಒಂದೇ ಎಫ್-4 ಫ್ಯಾಂಟಮ್ ವಿಮಾನ ಹಲವು ರೂಪದಲ್ಲಿ ಸಿಗುತ್ತದೆ. ಬ್ರಿಟನ್‌ನ ಫ್ಯಾಂಟಮ್‌ಗೆ ರೋಲ್ಸ್ ರಾಯ್ಸ್ ಸ್ಪೇ ಎಂಜಿನ್ ಇದೆ. ಜರ್ಮನಿಯ ಎಫ್-4ಎಫ್ ಶುರುವಿನಲ್ಲಿ ಸ್ಪ್ಯಾರೋ ಮಿಸೈಲ್ ಇಲ್ಲದೆ ಬಂದಿತ್ತು, ಗೇಮ್‌ನಲ್ಲೂ ಹಾಗೇ. ಸ್ವಂತ ಸಾಲಿಲ್ಲದ ದೇಶಗಳನ್ನು ಬೇರೆಯವರ ಮನೆಯಲ್ಲಿ ಕೂರಿಸುತ್ತಾರೆ. ದಕ್ಷಿಣ ಆಫ್ರಿಕಾದ ಗ್ರಿಪೆನ್ ಯುದ್ಧವಿಮಾನ ಬ್ರಿಟನ್ ಸಾಲಿನಲ್ಲಿದೆ, ಹಂಗೇರಿಯದ್ದು ಇಟಲಿ ಸಾಲಿನಲ್ಲಿ. ಇದು ನನಗೆ ಅಷ್ಟು ಇಷ್ಟವಾಗುವುದಿಲ್ಲ. ಆದರೂ ಆ ಮಾದರಿಗಳು ಗೇಮ್‌ಗೆ ಬಂದವಲ್ಲ, ಅದು ಒಳ್ಳೆಯದೇ.

ನಿಮ್ಮ ಡಿಸಿಎಸ್‌ಗೆ ವಾಪಸ್ ಬರೋಣ. ನಮ್ಮ ಬಣ್ಣ ನಿಜವಾಗಿ ಒಪ್ಪುವ ವಿಮಾನ ಬೇಕಾದರೆ ಮಿಗ್-21 ಬಿಸ್ ತಗೊಳ್ಳಿ. ಎಚ್‌ಎಎಲ್ ನಾಸಿಕ್‌ನಲ್ಲಿ ಬಿಸ್ ಕಟ್ಟಿತು, ನಮ್ಮ ಪೈಲಟ್‌ಗಳು ವರ್ಷಗಟ್ಟಲೆ ಹಾರಿಸಿದರು. ಹೊಸ ರೇಡಾರ್ ಹಾಕಿದ ಬೈಸನ್ ಮಾತ್ರ ಬೇರೆ, ಅದನ್ನು ಇದರಲ್ಲಿ ಹುಡುಕಬೇಡಿ. ಕಾಕ್‌ಪಿಟ್‌ನಲ್ಲಿ ಕೂತು ಎದುರಿನ ಫಲಕ ನೋಡಿ. ಮಧ್ಯದಲ್ಲಿ ಉದ್ದಕ್ಕೆ ಒಂದು ಬಿಳಿ ಗೆರೆ ಕಾಣುತ್ತದೆ. ವಿಮಾನ ಗಿರಗಿರ ತಿರುಗುತ್ತ ಬೀಳುವಾಗ ಸ್ಟಿಕ್ಕನ್ನು ಮಧ್ಯಕ್ಕೆ ತರಲು ಪೈಲಟ್‌ಗೆ ಅದೇ ಗುರುತು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಾಯುಪಡೆ ಮಿಗ್-21ಕ್ಕೆ ವಿದಾಯ ಹೇಳಿತು. ಗೇಮ್‌ನಲ್ಲಿ ಎತ್ತರಕ್ಕೆ ಹೋಗಿ, ಬೇಕೆಂದೇ ಸ್ಪಿನ್‌ಗೆ ಬೀಳಿಸಿ, ಆ ಗೆರೆ ನೋಡಿಕೊಂಡು ಒಮ್ಮೆ ಹೊರಬನ್ನಿ.