ಪರದೇಶಿಯ ಕೇಸಿಗೂ ತಾರೀಖು ಬೇಕು

ನನ್ನ ಕಕ್ಷಿದಾರರೊಬ್ಬರದು ವಾಟ್ನಿ ದಾವೆ, ಅಂದರೆ ಆಸ್ತಿ ಪಾಲಿನ ಕೇಸು. ಆರು ಎಕರೆ ಎರೆ ಹೊಲ, ನಾಲ್ಕು ಮಂದಿ ಅಣ್ಣತಮ್ಮಂದಿರು, ಹನ್ನೊಂದನೇ ವರ್ಷ. 2025ರ ಫೆಬ್ರವರಿಯಲ್ಲಿ ಅಮೆರಿಕ 104 ಭಾರತೀಯರನ್ನು ಮಿಲಿಟರಿ ವಿಮಾನದಲ್ಲಿ ತಂದು ಅಮೃತಸರದಲ್ಲಿ ಇಳಿಸಿತಲ್ಲ, ಆ ವಾರ ಧಾರವಾಡದ ನನ್ನ ಆಫೀಸಿಗೆ ಮೊಬೈಲ್ ನೋಡುತ್ತಲೇ ಬಂದರು.

"ನೋಡ್ರಿ ವಕೀಲ್ರ, ಬೇಡಿ ಹಾಕಿ ಕಳಿಸ್ಯಾರ. ನಮ್ಮವ್ರು ಯಾಕ ಹಿಂಗ ಮಾಡಂಗಿಲ್ರಿ? ಕಾಗದ ಇಲ್ದ ಇಲ್ಲಿರೋ ಪರದೇಶದವ್ರನ್ನ ಎಂಟು ದಿನದಾಗ ಹೊರಗ ಹಾಕ್ಬೇಕು."

ಹನ್ನೊಂದು ವರ್ಷ ಬರೀ ತಾರೀಖು ತಗೊಂಡು ಹೋದವರು ಎಂಟು ದಿನದ ಮಾತಾಡಿದ್ದಕ್ಕೆ ನಗು ಬಂತು. ಆದರೂ ಪ್ರಶ್ನೆ ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಗಡಿಪಾರು ಅಂದರೆ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ ಹತ್ತಿಸಿ ಬರೋದಲ್ಲ. ಇಳಿಸಿಕೊಳ್ಳುವ ದೇಶ 'ಹೌದು, ಇವರು ನಮ್ಮವರು' ಅನ್ನಬೇಕು. ಅದರ ರಾಯಭಾರ ಕಚೇರಿ ಊರು, ಮನೆ, ತಂದೆ ಹೆಸರು ತಾಳೆ ನೋಡಿ ಪ್ರಯಾಣದ ಕಾಗದ ಕೊಡಬೇಕು. ಅಲ್ಲಿಯತನಕ ಶಿಕ್ಷೆ ಮುಗಿದವರೂ ಕೂಡಿಹಾಕಿದ ಜಾಗದಲ್ಲೇ ದಿನ ಎಣಿಸುತ್ತಾರೆ. ನಮ್ಮ ರಾಜ್ಯದಲ್ಲಿ ಅಂಥ ಕೇಂದ್ರ ನೆಲಮಂಗಲ ಹತ್ತಿರದ ಸೊಂಡೆಕೊಪ್ಪದಲ್ಲಿದೆ. ಮೊದಲು ಅದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿತ್ತು.

ಎಲ್ಲ ತಡವೂ ಬೇರೆ ದೇಶದ್ದೇ ಅಂತಲೂ ಅಲ್ಲ. ಅದೇ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಸ್ಸಾಂ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು. ವಿದೇಶಿಯರು ಅಂತ ತೀರ್ಮಾನಿಸಿದ 63 ಜನರನ್ನು ಕೂಡಿಹಾಕಿ, 'ಅವರ ಊರಿನ ವಿಳಾಸ ಗೊತ್ತಿಲ್ಲ' ಅಂತ ಸರ್ಕಾರ ಕೂತಿತ್ತು. ಮುಹೂರ್ತಕ್ಕೆ ಕಾಯ್ತಾ ಇದ್ದೀರಾ ಅಂತ ಕೋರ್ಟ್ ಕೇಳಿತು. ವಿಳಾಸ ಗೊತ್ತಿಲ್ಲದಿದ್ದರೂ ಯಾವ ದೇಶದವರು ಅಂತ ಗೊತ್ತಲ್ವಾ ಅನ್ನುವುದು ಅದರ ತಕರಾರು. ಇನ್ನು ಅಮೆರಿಕ. ಅಲ್ಲಿನ ವಲಸೆ ಕೋರ್ಟುಗಳಲ್ಲಿ 30 ಲಕ್ಷಕ್ಕೂ ಜಾಸ್ತಿ ಕೇಸು ಬಾಕಿ ಇವೆ. ವಿಮಾನ ಹತ್ತಿಸುವ ಅವಸರವೂ ಅಲ್ಲೇ, ಕಾಯಿಸುವ ಸಾಲೂ ಅಲ್ಲೇ.

ನಿರಾಶ್ರಿತರದು ಇನ್ನೊಂದು ಕಥೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತ ಅಂದರೆ ಯಾರು ಅಂತ ಹೇಳುವ ಕಾನೂನೂ ನಮ್ಮಲ್ಲಿಲ್ಲ. ಹಾಗಾಗಿ ಟಿಬೆಟಿನವರಿಗೆ ಒಂದು ರೀತಿ, ಶ್ರೀಲಂಕಾ ತಮಿಳರಿಗೆ ಒಂದು ರೀತಿ, ಮಿಕ್ಕವರಿಗೆ ಅದೂ ಇಲ್ಲ. ಎಲ್ಲ ಸರ್ಕಾರದ ಆಯಾ ಕಾಲದ ಮನಸ್ಸಿನ ಮೇಲೆ. ನನಗೆ ಇದೇ ದೊಡ್ಡ ಅನ್ಯಾಯ ಅನಿಸುತ್ತದೆ, ತಡಕ್ಕಿಂತ ದೊಡ್ಡದು.

ಹುಬ್ಬಳ್ಳಿಯಿಂದ ಮುಂಡಗೋಡ ಬಹಳ ದೂರವಿಲ್ಲ. 1966ರಿಂದ ಅಲ್ಲಿ ಟಿಬೆಟಿಯನ್ ಕ್ಯಾಂಪ್ ಇದೆ. ಚಳಿಗಾಲ ಬಂದರೆ ಅವರಿಂದ ಸ್ವೆಟರ್ ಕೊಳ್ಳದವರು ಹುಬ್ಬಳ್ಳಿಯಲ್ಲಿ ಕಡಿಮೆ. ಅಲ್ಲಿನವರೊಬ್ಬರು ನನ್ನ ಹತ್ತಿರ ಬಂದಿದ್ದರು. ಹುಟ್ಟಿದ್ದು 1985ರಲ್ಲಿ, ಕ್ಯಾಂಪಿನಲ್ಲೇ. ಪ್ಲಾಸ್ಟಿಕ್ ಚೀಲದಿಂದ ಆರ್‌ಸಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಅದು ವಿದೇಶಿಯರ ನೋಂದಣಿ ಪತ್ರ. ಮೂಲೆಗಳು ಸವೆದು, ನವೀಕರಣದ ಮೊಹರು ಒಂದರ ಮೇಲೊಂದು ಬಿದ್ದು, ತಾರೀಖೇ ಓದಲು ಬರುತ್ತಿರಲಿಲ್ಲ.

"ನಾ ಇಲ್ಲೇ ಹುಟ್ಟೀನ್ರಿ ಸರ್. ಆದ್ರ ಇದ್ರಾಗ ನಾ ಪರದೇಶಿ."

ಪರದೇಶಿ ಅಂದರೆ ನಮ್ಮ ಕಡೆ ದಿಕ್ಕಿಲ್ಲದವನು ಅಂತಲೂ ಅರ್ಥ. ಅವರು ಯಾವ ಅರ್ಥದಲ್ಲಿ ಅಂದರೋ, ನಾನು ಕೇಳಲಿಲ್ಲ.

ಕಾನೂನು ಅವರ ಕಡೆಗೇ ಇತ್ತು. 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ಅಪ್ಪ ಅಮ್ಮ ಯಾವ ದೇಶದವರು ಅನ್ನೋದು ಲೆಕ್ಕಕ್ಕಿಲ್ಲ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಟಿಬೆಟಿಯನ್ ಅರ್ಜಿದಾರರ ಕೇಸಿನಲ್ಲಿ ಇದನ್ನೇ ಹೇಳಿತು. 2017ರಲ್ಲಿ ವಿದೇಶಾಂಗ ಸಚಿವಾಲಯವೂ ಇಂಥವರಿಗೆ ಪಾಸ್‌ಪೋರ್ಟ್ ಕೊಡಲು ಒಪ್ಪಿತು, ಆರ್‌ಸಿ ವಾಪಸ್ ಕೊಡಬೇಕು ಅನ್ನುವ ಷರತ್ತಿನ ಮೇಲೆ. ಇವರು ಕೊಟ್ಟರು. ಪಾಸ್‌ಪೋರ್ಟ್ ಬರಲಿಲ್ಲ. ಒಂದು ಕಚೇರಿ ಇನ್ನೊಂದರ ಕಡೆ ಬೆರಳು ತೋರಿಸಿತು. ಎಂಟು ತಿಂಗಳು ಈ ಮನುಷ್ಯನ ಹತ್ತಿರ ಇದ್ದದ್ದು ಒಂದು ಸ್ವೀಕೃತಿ ಚೀಟಿ. ಆಗ ಅವರು ವಿದೇಶಿಯೂ ಅಲ್ಲ, ನಾಗರಿಕರೂ ಅಲ್ಲ. ಬಸ್ಸಿನಲ್ಲಿ ಯಾರಾದರೂ ಗುರುತಿನ ಚೀಟಿ ಕೇಳಿದರೆ ಅದನ್ನೇ ಮಡಿಕೆ ಬಿಚ್ಚಿ ತೋರಿಸುತ್ತಿದ್ದರಂತೆ.

ಅರ್ಜಿಯನ್ನು ತಿರಸ್ಕರಿಸಿದ್ದರೆ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸುವ ರಿಟ್ ಅರ್ಜಿ ಹಾಕಲು ಕೈಯಲ್ಲೊಂದು ಆದೇಶ ಇರುತ್ತಿತ್ತು. ಸುಮ್ಮನೆ ಕೂತವರ ವಿರುದ್ಧ 'ಮೊದಲು ಏನಾದರೂ ಒಂದು ಹೇಳಿ' ಅಂತ ಕೇಳಲಿಕ್ಕೇ ನಾವು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಬೇಕಾಯಿತು.

ಹಾಗಾದರೆ ಬೇಗ ಮುಗಿಸಿದರೆ ಆಯ್ತಾ? ಅದೂ ಅಲ್ಲ. ವಿದೇಶಿಯರ ಕಾನೂನಿನಲ್ಲಿ ಸಾಬೀತಿನ ಹೊರೆ ಉಲ್ಟಾ ಇದೆ. ಕಳ್ಳತನದ ಕೇಸಿನಲ್ಲಿ ಪೊಲೀಸರು ಸಾಬೀತು ಮಾಡಬೇಕು. ಇಲ್ಲಿ 'ನಾನು ವಿದೇಶಿ ಅಲ್ಲ' ಅಂತ ನೀವೇ ತೋರಿಸಬೇಕು. 1946ರ ಕಾಯ್ದೆಯಲ್ಲಿದ್ದ ಈ ನಿಯಮ ಆಮೇಲೆ ಬಂದ 2025ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ಅಸ್ಸಾಮಿನ ಒಬ್ಬರನ್ನು 2012ರಲ್ಲಿ ಅವರ ಗೈರಿನಲ್ಲೇ ವಿದೇಶಿ ಅಂತ ಟ್ರಿಬ್ಯೂನಲ್, ಅಂದರೆ ಯಾರು ವಿದೇಶಿ ಅಂತ ತೀರ್ಮಾನಿಸುವ ನ್ಯಾಯಮಂಡಳಿ, ಘೋಷಿಸಿತು. ಮತ್ತೆ ವಿಚಾರಣೆಯಾದಾಗ ಹೆಸರಿನ ಕಾಗುಣಿತ, ತಾರೀಖು ಹೊಂದುವುದಿಲ್ಲ ಅಂತ ಅದೇ ತೀರ್ಪು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅವರು ಭಾರತೀಯರೇ ಅಂದಿತು. ಅಷ್ಟರಲ್ಲಿ ಅವರು ತೀರಿಕೊಂಡು ಎರಡು ವರ್ಷ ದಾಟಿತ್ತು.

ಹೊರಹಾಕುವ ಅಧಿಕಾರ ಸರ್ಕಾರಕ್ಕೆ ಪೂರ್ತಿ ಇದೆ ಅಂತ 1955ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನನ್ನ ತಕರಾರು ಅಧಿಕಾರದ ಬಗ್ಗೆ ಅಲ್ಲ. ನೋಟಿಸ್ ಕೊಡಿ, ಒಬ್ಬ ವಕೀಲನನ್ನು ಕೊಡಿ, ಗೊತ್ತಾದ ದಿನದೊಳಗೆ ಕಾರಣ ಬರೆದು ಆದೇಶ ಮಾಡಿ. ಜೀವಿಸುವ ಹಕ್ಕಿನ 21ನೇ ವಿಧಿ ನಾಗರಿಕರಿಗಷ್ಟೇ ಅಲ್ಲ, ಎಲ್ಲರಿಗೂ ಅನ್ವಯಿಸುತ್ತದೆ. ಕಸ್ಟಡಿಯಲ್ಲಿರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗುತ್ತಾರೆ. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಸಾಕು. ಇದು ಗೊತ್ತಿರುವವರು ಕಡಿಮೆ.

ಇಷ್ಟು ಹೇಳಿದರೂ ನಮ್ಮ ಕಕ್ಷಿದಾರರ ಮುಖದಲ್ಲಿ ಒಪ್ಪಿಗೆ ಕಾಣಲಿಲ್ಲ. ಅವರದೇ ಫೈಲು ತೆಗೆದೆ. ನಮ್ಮ ಕಡೆ ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತೆಲ್ಲ ಅಡ್ಡಹೆಸರು ಇರುತ್ತವಲ್ಲ, ಇವರದೂ ಅಂಥದೇ. ಆಧಾರಿನ ಇಂಗ್ಲಿಷಿನಲ್ಲಿ ಒಂದು ಥರ, ಪ್ಯಾನ್ ಕಾರ್ಡಿನಲ್ಲಿ ಇನ್ನೊಂದು ಥರ. ಹೊಲದ ದಾಖಲೆಯಾದ ಉತಾರದಲ್ಲಿ ಅಡ್ಡಹೆಸರೇ ಇಲ್ಲ, ತಂದೆ ಹೆಸರಿಗೆ ಒಂದು 'ಪ್ಪ' ಜಾಸ್ತಿ. ಹುಟ್ಟಿದ ದಿನ ಜೂನ್ 1, ಶಾಲೆಯ ಮಾಸ್ತರರು ಕೊಟ್ಟಿದ್ದು. ಅವರ ಮೂವರು ತಮ್ಮಂದಿರೂ ಜೂನ್ 1ರಂದೇ ಹುಟ್ಟಿದ್ದಾರೆ.

ಎರಡೂ ಕಾರ್ಡು ಪಕ್ಕಪಕ್ಕ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. "ಇದನ್ನ ಸರಿ ಮಾಡ್ಸಾಕ ಎಷ್ಟು ದಿನ ಬೇಕ್ರಿ?"

ಅಫಿಡವಿಟ್ ಒಂದು ದಿನದ ಕೆಲಸ, ಉತಾರದ ತಿದ್ದುಪಡಿ ಮಾತ್ರ ಎಂಟು ದಿನದಲ್ಲಿ ಆಗೋದಲ್ಲ ಅಂದೆ.