ಬೆನ್ನುಹುರಿಗೆ ಕರೆಂಟ್: ಆ ವಿಡಿಯೋದ ಹಿಂದಿನ ಕಥೆ

ಕುಷ್ಟಗಿ ಹತ್ತಿರದ ಒಂದು ಮನೆ. ಹುಣಸೆ ಮರದಿಂದ ಬಿದ್ದ ಹುಡುಗನಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಎರಡು ತಾಸಿಗೊಮ್ಮೆ ಮೊಬೈಲ್ ಅಲಾರಂ ಹೊಡೆಯುತ್ತದೆ. ಬೆನ್ನಲ್ಲಿ ಹುಣ್ಣಾಗಬಾರದೆಂದು ಅವ್ವ ಎದ್ದು ಮಗ್ಗುಲು ಬದಲಿಸುತ್ತಾಳೆ. ಅದೇ ಮೊಬೈಲಿನಲ್ಲಿ ಅವನು ನನಗೊಂದು ವಿಡಿಯೋ ತೋರಿಸಿದ. ಕುತ್ತಿಗೆ ಹಿಂದೆ ಪ್ಯಾಡ್ ಅಂಟಿಸಿಕೊಂಡ ಒಬ್ಬರು ಬೆರಳು ಮಡಚಿ ಲೋಟ ಎತ್ತುತ್ತಾರೆ. "ಆಪರೇಷನ್ ಇಲ್ದಂಗ ಬರೀ ಕರೆಂಟ್ ಕೊಟ್ಟು ಮಾಡ್ಯಾರಂತ್ರಿ. ನಮ್ಮ ಬಳ್ಳಾರಿಗೆ ಬಂದೈತೇನ್ರಿ?"

ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. 'ಕರೆಂಟ್' ಎಂಬ ಒಂದೇ ಪದದಲ್ಲಿ ನಾಲ್ಕಾರು ಚಿಕಿತ್ಸೆ ಕಲಸಿಹೋಗಿವೆ.

18ನೇ ಶತಮಾನದಲ್ಲಿ ಇಟಲಿಯ ವಿಜ್ಞಾನಿ ಗಾಲ್ವಾನಿ ಕರೆಂಟ್ ಮುಟ್ಟಿಸಿ ಸತ್ತ ಕಪ್ಪೆಯ ಕಾಲು ಜಿಗಿಸಿದ. 1961ರಲ್ಲಿ ಡಾಕ್ಟರ್ ಲಿಬರ್ಸನ್ ಲಕ್ವ ಹೊಡೆದವರ ಪಾದ ಎತ್ತಿಸುವ ಯಂತ್ರ ತಂದರು. 1967ರಲ್ಲಿ ಡಾಕ್ಟರ್ ಶೀಲಿ ನೋವು ತಡೆಯಲು ಬೆನ್ನುಹುರಿಗೇ ಕರೆಂಟ್ ಕೊಟ್ಟರು. ನಮ್ಮ ಫಿಸಿಯೋಥೆರಪಿ ಸೆಂಟರ್‌ಗಳಲ್ಲಿ 'ಕರೆಂಟ್ ಇಡಿಸಿಕೊಂಡು ಬಂದೆ' ಅನ್ನುತ್ತೇವಲ್ಲ, ಅದು ಹೆಚ್ಚಾಗಿ ನೋವಿಗೆ, ಇಲ್ಲವೇ ಸ್ನಾಯು ಕುಣಿಸಲು. ತೊಗಲುಗೊಂಬೆಯ ಕೈ ಎತ್ತಿದ ಹಾಗೆ. ಬಿಟ್ಟರೆ ಕೈ ಇಳಿಯುತ್ತದೆ.

ವಿಡಿಯೋದಲ್ಲಿರುವುದು ಬೇರೆ. ಬೆನ್ನುಹುರಿಗೆ ಪೆಟ್ಟಾದಾಗ ಎಷ್ಟೋ ಸಲ ಎಲ್ಲ ಎಳೆಗಳೂ ಕಡಿದಿರುವುದಿಲ್ಲ. ಉಳಿದ ಎಳೆಗಳಲ್ಲಿ ಮಿದುಳಿನ ಮಾತು ಪಿಸುಗುಟ್ಟಿದಷ್ಟೇ ಬರುತ್ತದೆ, ಕೆಳಗಿನ ನರಗಳಿಗೆ ಅದು ಕೇಳುವುದಿಲ್ಲ. ಕರೆಂಟು ಆ ನರಗಳ ತೂಕಡಿಕೆ ಬಿಡಿಸುತ್ತದೆ. ಆಮೇಲೆ ಲೋಟ ಎತ್ತುವವನು ಆ ಮನುಷ್ಯನೇ.

ಇದು ಮೊದಲು ಗಟ್ಟಿಯಾಗಿ ಕಂಡದ್ದು 2011ರಲ್ಲಿ. ಅಮೆರಿಕದ ಲೂಯಿವಿಲ್‌ನಲ್ಲಿ ಸಂಶೋಧಕರಾದ ಸೂಸನ್ ಹರ್ಕೆಮಾ, ರೆಗ್ಗಿ ಎಜರ್ಟನ್ ಅವರ ತಂಡ ಕಾಲಿನ ಸ್ವಾಧೀನವಿಲ್ಲದ ಒಬ್ಬ ಯುವಕನ ಬೆನ್ನೊಳಗೆ ಎಲೆಕ್ಟ್ರೋಡ್, ಅಂದರೆ ಕರೆಂಟ್ ಮುಟ್ಟಿಸುವ ಸಾಧನ, ಇಟ್ಟಿತು. ಸಮತೋಲನಕ್ಕೆ ಮಾತ್ರ ಆಸರೆ ಪಡೆದು, ತನ್ನ ಭಾರ ತಾನೇ ಹೊತ್ತು ಅವನು ನಿಂತ. ಸುದ್ದಿಯಾದದ್ದು ಅವನು ನಿಂತದ್ದು. ಅದಕ್ಕೂ ಮೊದಲು 26 ತಿಂಗಳಲ್ಲಿ 170 ಸಲ ಅವನಿಗೆ ನಡಿಗೆಯ ತರಬೇತಿ ಕೊಟ್ಟಿದ್ದರು ಎಂಬುದು ಯಾವ ವಿಡಿಯೋದಲ್ಲೂ ಕಾಣುವುದಿಲ್ಲ. ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಅದೇ.

2015ರಲ್ಲಿ ಇನ್ನೊಬ್ಬ ಸಂಶೋಧಕ ಯೂರಿ ಗೆರಸಿಮೆಂಕೊ ಮತ್ತು ಎಜರ್ಟನ್ ಕೊಯ್ಯದೆಯೇ, ಚರ್ಮದ ಮೇಲಿನ ಪ್ಯಾಡ್‌ನಿಂದ ಐವರಲ್ಲಿ ಕಾಲಿನ ಚಲನೆ ತೋರಿಸಿದರು. ಆದರೆ ಅವರು ಎದ್ದು ನಡೆದಿರಲಿಲ್ಲ. ಮಗ್ಗುಲಾಗಿ ಮಲಗಿಸಿ, ಕಾಲನ್ನು ಜೋಲಿಯಲ್ಲಿ ತೂಗುಹಾಕಿ ಮಾಡಿದ ಪ್ರಯೋಗ ಅದು.

2024ರಲ್ಲಿ ಕುತ್ತಿಗೆಯಲ್ಲಿ ಪೆಟ್ಟಾದ 60 ಜನರ ಫಲಿತಾಂಶ ಬಂತು. ಮೊದಲ ಎರಡು ತಿಂಗಳು ಬರೀ ವ್ಯಾಯಾಮ, ಮುಂದಿನ ಎರಡು ತಿಂಗಳು ವ್ಯಾಯಾಮದ ಜೊತೆ ಚರ್ಮದ ಮೇಲಿನ ಪ್ಯಾಡ್‌ನಿಂದ ಕರೆಂಟು. 72% ಜನರಿಗೆ ಕೈಯ ಬಲವೂ ಕೆಲಸವೂ ಸುಧಾರಿಸಿತು. ಪೆಟ್ಟಾಗಿ 34 ವರ್ಷ ಕಳೆದವರೂ ಅದರಲ್ಲಿದ್ದರು. ಆ ವರ್ಷದ ಡಿಸೆಂಬರ್‌ನಲ್ಲಿ ಔಷಧಿ, ವೈದ್ಯಕೀಯ ಯಂತ್ರಗಳನ್ನು ಪರೀಕ್ಷಿಸಿ ಒಪ್ಪುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಆ ಕರೆಂಟ್ ಕೊಡುವ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು.

ಈ ಕಥೆಯ ಉದ್ದಕ್ಕೂ ಕರೆಂಟಿನ ಪಕ್ಕದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ನಿಂತಿದ್ದಾರೆ. ನಮ್ಮ ಕಡೆ ಬೆನ್ನು ಮುರಿದವರು ಆಪರೇಷನ್ ಆಗಿ, ಮೂತ್ರದ ಪೈಪ್ ಹಾಕಿಸಿಕೊಂಡು ಮನೆಗೆ ಬರುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಅವ್ವನೇ. ತಿಂಗಳುಗಟ್ಟಲೆ ತರಬೇತಿ ಬೇಕೆಂದರೆ ಗಾಡಿ ಮಾಡಿಕೊಂಡು ಬೆಂಗಳೂರಿಗೋ ವೆಲ್ಲೂರಿಗೋ ಹೋಗಬೇಕು. ಕೂಲಿ ಬಿಟ್ಟು ಎಷ್ಟು ದಿನ ಇರಲಾದೀತು?

ಆ ಹುಡುಗ ಆನ್‌ಲೈನ್‌ನಲ್ಲಿ ಟೆನ್ಸ್ ಮಿಷನ್, ಅಂದರೆ ನೋವಿಗೆಂದು ಚರ್ಮದ ಮೇಲೆ ಕರೆಂಟ್ ಕೊಡುವ ಯಂತ್ರ, ತರಿಸುವ ಯೋಚನೆಯಲ್ಲಿದ್ದ. ಬೇಡ ಅಂದೆ. ಸ್ಪರ್ಶ ತಿಳಿಯದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಪೆಟ್ಟಾದವರಿಗೆ ಬಿಪಿ ಏಕಾಏಕಿ ಏರಬಹುದು. ಅಮೆರಿಕದ ಒಪ್ಪಿಗೆಯೂ ಕುತ್ತಿಗೆಯ ಪೆಟ್ಟಿನವರ ಕೈಗಷ್ಟೇ, ಅವನ ಕಾಲಿಗಲ್ಲ. ಇದನ್ನು ಹೇಳುವುದು ಸುಲಭವಿರಲಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನಡೆಯೋದು ಇರ್ಲಿ ಬಿಡ್ರಿ, ಈ ಪೈಪ್ ತೆಗೆಯೋಕಾದ್ರೂ ಆಗ್ತದೇನು?" ಅಂದ. ಮೂತ್ರದ ಹಿಡಿತಕ್ಕೂ ಚರ್ಮದ ಮೇಲಿಂದಲೇ ಕರೆಂಟ್ ಕೊಟ್ಟು ನೋಡಿದ್ದಾರೆ, ಕೆಲವರಲ್ಲಿ ಗುಣ ಕಂಡಿದೆ. ಆದರೆ ಆ ಪ್ರಯೋಗಗಳು ಬೆರಳೆಣಿಕೆಯ ಜನರ ಮೇಲೆ ನಡೆದವು. ಅದನ್ನೂ ಅವನಿಗೆ ಹಾಗೇ ಹೇಳಿದೆ.