ಹಿರಿಯರ ಜೊತೆ ಕೂತು ಆರೋಗ್ಯ ಮಾಹಿತಿ ಹುಡುಕುವಾಗ

ಇ-ಆರೋಗ್ಯ ಸಾಕ್ಷರತೆಗೆ 2006ರಲ್ಲಿ ನಾರ್ಮನ್ ಮತ್ತು ಸ್ಕಿನ್ನರ್ ಎಂಬ ಸಂಶೋಧಕರು ಕೊಟ್ಟ ಅರ್ಥದಲ್ಲಿ ನಾಲ್ಕು ಕೆಲಸಗಳಿವೆ. ಇಂಟರ್ನೆಟ್‌ನಲ್ಲಿ ಆರೋಗ್ಯ ಮಾಹಿತಿ ಹುಡುಕುವುದು, ಅರ್ಥ ಮಾಡಿಕೊಳ್ಳುವುದು, ತೂಗಿ ನೋಡುವುದು, ತನ್ನ ತೊಂದರೆಗೆ ಬಳಸುವುದು. ಹುಡುಕುವುದು ಈಗ ಅಷ್ಟು ಕಷ್ಟವಲ್ಲ. ಮೈಕ್ ಒತ್ತಿ "ಶುಗರ್ ಇದ್ದವರು ಜೋಳದ ರೊಟ್ಟಿ ತಿನ್ನಬಹುದಾ" ಅಂತ ಕೇಳಿದರೆ ಸಾಕು. ಬೀದರ್ ಕಡೆ ಉರ್ದು, ಮರಾಠಿ ಓದಿ ಬೆಳೆದವರಿದ್ದಾರೆ. ಅವರಿಗೆ ಆ ಭಾಷೆಯಲ್ಲೇ ಹುಡುಕಿಕೊಡಿ.

ಕಷ್ಟ ಇರುವುದು ತೂಗಿ ನೋಡುವುದರಲ್ಲಿ. "ಏಳೇ ದಿನದಲ್ಲಿ ಶುಗರ್ ವಾಸಿ, ಗುಳಿಗಿ ಬಿಡಿ" ಅನ್ನುವ ವಿಡಿಯೊ ಕಲಬುರಗಿಯ ಒಬ್ಬ ಅಜ್ಜನ ವಾಟ್ಸ್‌ಆ್ಯಪ್‌ಗೆ ಬಂತು ಅಂದುಕೊಳ್ಳಿ. ನಾವು ತಕ್ಷಣ "ಸುಳ್ಳು, ನಂಬಬೇಡಿ" ಅನ್ನುತ್ತೇವೆ, ಅಲ್ವಾ? ಇಲ್ಲಿ ಸ್ವಲ್ಪ ತಡೆಯಿರಿ. 2005ರಲ್ಲಿ ಸ್ಕರ್ನಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದಿದೆ. ಒಂದು ಮಾತು ಸುಳ್ಳು ಎಂದು ಹಿರಿಯರಿಗೆ ಮತ್ತೆ ಮತ್ತೆ ಹೇಳಿದಾಗ ಆ ಹೊತ್ತಿಗೆ ಅದು ನೆನಪಿರುತ್ತಿತ್ತು. ಮೂರು ದಿನ ಕಳೆದ ಮೇಲೆ ಅದೇ ಮಾತನ್ನು ನಿಜ ಎಂದುಕೊಳ್ಳುವುದು ಜಾಸ್ತಿಯಾಯಿತು! ಕೇಳಿದ ಮಾತು ಪರಿಚಿತ ಅನಿಸುತ್ತದೆ, "ಸುಳ್ಳು" ಎಂದು ಹೇಳಿದ್ದು ಮರೆತುಹೋಗುತ್ತದೆ. ಇದು ಅವರ ದಡ್ಡತನವಲ್ಲ. ವಯಸ್ಸಾದಂತೆ ನೆನಪು ಕೆಲಸ ಮಾಡುವ ರೀತಿಯೇ ಹಾಗೆ.

ಹಾಗಾಗಿ ವಿಡಿಯೊದ ಮಾತನ್ನು ಸುಮ್ನೆ ಎತ್ತಿ ಎತ್ತಿ ಆಡಬೇಡಿ. ನಿಜ ಏನೋ ಅದನ್ನೇ ಹೇಳಿ, ಅದನ್ನೇ ಮತ್ತೆ ಹೇಳಿ: "ಮುತ್ಯಾ, ಗುಳಿಗಿ ಬಿಡಬ್ಯಾಡ್ರಿ. ಡಾಕ್ಟರ್ ಹೇಳಿದ ಮ್ಯಾಲಷ್ಟೇ ಕಡಿಮಿ ಮಾಡೋಣ."

ಆಮೇಲೆ ಫೋನ್ ಅವರ ಕೈಯಲ್ಲೇ ಇರಲಿ. ನಾವು ಕಿತ್ತುಕೊಂಡು ಹುಡುಕಿದರೆ ಅವರು ಕಲಿಯುವುದಾದರೂ ಯಾವಾಗ? ವಿಡಿಯೊ ಮಾಡಿದವರು ಯಾರು, ಕೊನೆಗೆ ಏನಾದರೂ ಮಾರುತ್ತಾರಾ, ಬೇರೆ ಡಾಕ್ಟರುಗಳೂ ಹೀಗೇ ಹೇಳುತ್ತಾರಾ ಎಂದು ಅವರೇ ನೋಡಲಿ. ಮೆಸೇಜಿನ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವರ ಕೈದಾಟಿ ಬಂದದ್ದು. ಅಷ್ಟಕ್ಕೇ ಸುಳ್ಳು ಅನ್ನಲಾಗದು, ಆದರೆ ಮೂಲ ಹುಡುಕಲೇಬೇಕು.

ಹಿರಿಯರಿಗೆ ಹೇಳಲೇಬೇಕಾದ ಇನ್ನೊಂದು ವಿಷಯವಿದೆ. ಮಧುಮೇಹ, ಕ್ಯಾನ್ಸರ್ ವಾಸಿ ಮಾಡುವ ಔಷಧಿ ಎಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಅಂದರೆ ಅಂಥ ಜಾಹೀರಾತು ಕಾನೂನು ಮೀರಿಯೇ ಅವರ ಫೋನಿಗೆ ಬಂದಿರುತ್ತದೆ.

ಅನುಮಾನ ಉಳಿದರೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಹಚ್ಚಿ ಅವರೇ ಕೇಳಲಿ. ಎದೆನೋವು ಬಂದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಮಾತ್ರ ಹುಡುಕುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.